ಹೆಸರು ತುಂಬಿದರೂ ‘ಹೆಸರು ತುಂಬಿ’

ಜೂನ್ ತಿಂಗಳ ಒಂದು ಬೆಳಗ್ಗೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮಹಡಿ ಮೇಲೆ ನನ್ನ ಚಿಕ್ಕ ಆಫೀಸು. ಬೀಗ ತೆಗೆಯಲು ಹೋದಾಗ ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು. ಅಪ್ಪ, ಮಗಳು. ಜಗಳೂರು ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಹಿಂದಿನ ದಿನ ಒಳ್ಳೆ ಮಳೆಯಾಗಿತ್ತು. ಮೆಕ್ಕೆಜೋಳ ಬಿತ್ತೋ ಹದ. ಅಂಥ ದಿನ ಹೊಲ ಬಿಟ್ಟು ಬರೋದು ಸಣ್ಣ ಮಾತಲ್ಲ.

ಒಂದು ಟ್ರಸ್ಟಿನ ಹಾಸ್ಟೆಲ್‌ಗೆ ಆನ್‌ಲೈನ್ ಅರ್ಜಿ ತುಂಬುವ ವೆಬ್ ಪುಟ ಮಾಡಿಕೊಟ್ಟವನು ನಾನು. ಕೊನೆ ದಿನ ಅವತ್ತೇ. ಟ್ರಸ್ಟಿನವರು ಇವರನ್ನು ನನ್ನ ಹತ್ತಿರ ಕಳಿಸಿದ್ದರು.

‘ಸಾರ್, ನಿನ್ನೆಯಿಂದ ಐದು ಸಲ ತುಂಬ್ಯಾಳ. ಹೆಸರು ತುಂಬಿ ಅಂತಾನೇ ಬರ್ತೈತಿ’ ಎಂದರು ಅಪ್ಪ.

‘ನಂದೇ ಏನೋ ತಪ್ಪಾಗಿರಬೇಕು ಸರ್’ ಎಂದಳು ಹುಡುಗಿ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

‘ಇಲ್ಲೇ ಇನ್ನೊಂದ್ಸಲ ತುಂಬಮ್ಮ, ನೋಡೋಣ’ ಎಂದೆ. ಹೆಸರನ್ನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಫೋಟೋ ಮೂರನ್ನೂ ಮನೆಯ ಕಟ್ಟೆ ಮೇಲಿಟ್ಟು ಫೋನಲ್ಲೇ ಫೋಟೋ ತೆಗೆದಿದ್ದಳು. ಅಂಕಪಟ್ಟಿ ಗಾಳಿಗೆ ಹಾರದ ಹಾಗೆ ಅಂಚಲ್ಲಿ ಒಂದು ಬೆರಳು ಒತ್ತಿ ಹಿಡಿದಿರೋದೂ ಫೋಟೋದಲ್ಲಿತ್ತು. ‘ಸಲ್ಲಿಸಿ’ ಒತ್ತಿದಳು. ಚಕ್ರ ಸುತ್ತಿತು, ಸುಮಾರು ಒಂದು ನಿಮಿಷ. ಆಮೇಲೆ ಖಾಲಿ ಫಾರ್ಮು ಬಂತು. ಮೇಲೆ ಕೆಂಪಕ್ಷರದಲ್ಲಿ ‘ಹೆಸರು ತುಂಬಿ’. ಆ ಎರಡು ಪದ ಬರೆದವನು ನಾನೇ.

ಅರ್ಜಿಗಳು ಬಂದು ಸೇರುವ ಕಂಪ್ಯೂಟರು, ಅಂದರೆ ಸರ್ವರು, ಬರೆದಿಡುವ ತಪ್ಪುಗಳ ದಾಖಲೆ (ಲಾಗ್) ತೆಗೆದೆ. ಕೊನೆ ಸಾಲಲ್ಲೇ ಉತ್ತರ ಇತ್ತು. ಬಂದದ್ದು 11 ಎಂಬಿಗೂ ಜಾಸ್ತಿ, ಮಿತಿ 8388608 ಬೈಟ್. ಅಂದರೆ 8 ಎಂಬಿ.

ನಡೆದದ್ದು ಇಷ್ಟು. ಬ್ರೌಸರು ಹೆಸರು, ಊರು, ಮೂರು ಫೈಲು ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಕಳಿಸುತ್ತದೆ. ಮೂಟೆ ಮೇಲೆ ಒಟ್ಟು ತೂಕ ಬರೆದಿರುತ್ತದೆ. ತೂಕ ಮಿತಿ ದಾಟಿದ್ದರೆ, ಸರ್ವರಿನಲ್ಲಿ ನನ್ನ ಕೋಡನ್ನು ನಡೆಸುವ ಪಿಎಚ್‌ಪಿ ಆ ಮೂಟೆ ಬಿಚ್ಚೋದೇ ಇಲ್ಲ. ಫೈಲ್ ಮಾತ್ರ ಅಲ್ಲ, ಹೆಸರೂ ಕೈಗೆ ಸಿಗಲ್ಲ. ನನ್ನ ಕೋಡು ಹೆಸರಿನ ಜಾಗ ನೋಡಿತು, ಖಾಲಿ ಇತ್ತು, ಹುಡುಗಿ ತುಂಬಿಲ್ಲ ಅಂದುಕೊಂಡಿತು.

ಒಂದೊಂದು ಫೈಲಿನ ಮಿತಿಯನ್ನು 2ರಿಂದ 5 ಎಂಬಿಗೆ ಏರಿಸಿದ್ದೆ. ಅದರ ಪಕ್ಕದಲ್ಲೇ ಇಡೀ ಫಾರ್ಮಿನ ಮಿತಿ ಬೇರೆ ಇರುತ್ತದೆ. ಅದು 8ರಲ್ಲೇ ಉಳಿದಿತ್ತು. ನಾಲ್ಕು ನಾಲ್ಕು ಎಂಬಿಯ ಮೂರು ಫೋಟೋ ಒಟ್ಟಿಗೆ ಬಂದರೆ ಮುಗೀತು. ನಾನು ಪರೀಕ್ಷೆ ಮಾಡಿದ್ದು ಲ್ಯಾಪ್‌ಟಾಪಿನಲ್ಲಿ, ಸ್ಕ್ಯಾನ್ ಮಾಡಿದ 200 ಕೆಬಿ ಫೈಲ್ ಇಟ್ಟುಕೊಂಡು. ಹಳ್ಳಿ ಮನೇಲಿ ಸ್ಕ್ಯಾನರ್ ಎಲ್ಲಿರುತ್ತೆ? ಇದು ನನಗೆ ಗೊತ್ತಿರಬೇಕಿತ್ತು.

‘ನಿಂದೇನೂ ತಪ್ಪಿಲ್ಲಮ್ಮ. ತಪ್ಪು ನಂದು’ ಎಂದೆ. ಅಪ್ಪ ಮಗಳ ಮುಖ ನೋಡಿದರು. ಹಿಂದಿನ ರಾತ್ರಿ ಮನೇಲಿ ಬೈದಿದ್ದರೋ ಏನೋ, ನಾನು ಕೇಳಲಿಲ್ಲ.

ಮಿತಿಯನ್ನು 20 ಎಂಬಿ ಮಾಡಿದೆ. ಎರಡು ನಿಮಿಷದ ಕೆಲಸ. ಹುಡುಗಿ ಮತ್ತೆ ಕಳಿಸಿದಳು, ಅರ್ಜಿ ನಂಬರ್ ಬಂತು. ಅದನ್ನು ಕೈ ಮೇಲೆ ಪೆನ್ನಲ್ಲಿ ಬರೆದುಕೊಂಡಳು, ಫೋನಲ್ಲಿ ಇದ್ದರೂ. ತಿಂಡಿ ತಿಂದು ಹೋಗಿ ಅಂದರೆ ಅಪ್ಪ ಕೇಳಲಿಲ್ಲ. ಮಧ್ಯಾಹ್ನದೊಳಗೆ ಊರು ಸೇರಿದರೆ ಅರ್ಧ ಎಕರೆಯಾದರೂ ಬಿತ್ತಬಹುದು ಎಂದರು.

ಮಿತಿ ಏರಿಸಿದ್ದು ಸಾಲದು ಅಂತ ಗೊತ್ತಿತ್ತು. ಹಳ್ಳಿಯ ನೆಟ್‌ವರ್ಕಿನಲ್ಲಿ 11 ಎಂಬಿ ಕಳಿಸೋದೇ ಕಷ್ಟ. ಮಧ್ಯೆ ಕಡಿದರೆ ಎಲ್ಲಾ ಮೊದಲಿಂದ. ಫೈಲ್ ಆರಿಸುವ ಜಾಗವನ್ನು ಸರ್ವರು ತಾನಾಗಿ ತುಂಬಿಕೊಡುವ ಹಾಗಿಲ್ಲ, ಭದ್ರತೆಗಾಗಿ ಬ್ರೌಸರು ಬಿಡಲ್ಲ. ಅದಕ್ಕೇ ಒಂದೊಂದು ಫೈಲನ್ನೂ ಆರಿಸಿದ ತಕ್ಷಣ ಬೇರೆ ಬೇರೆಯಾಗಿ ಕಳಿಸುವ ಹಾಗೆ ಮಾಡಿದೆ. ಒಂದು ಸೋತರೆ ಅದೊಂದನ್ನೇ ಮತ್ತೆ ಕಳಿಸಿದರಾಯಿತು. ಎಷ್ಟು ಹೋಯಿತು ಅಂತ ಕಾಣಲು, ಪುಟ ಬದಲಾಗದೆ ಫೈಲ್ ಕಳಿಸುವ ಬ್ರೌಸರಿನ ಹಳೆಯ ಸೌಲಭ್ಯವಾದ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟನ್ನೇ ಬಳಸಿದೆ. ಅದರಲ್ಲಿ ಆ ಲೆಕ್ಕ ಸುಲಭವಾಗಿ ಸಿಗುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಫೋಟೋ ಕುಗ್ಗಿಸೋದು. ಫೋನಿನ ಬ್ರೌಸರಿನಲ್ಲೇ ಕ್ಯಾನ್ವಾಸ್ ಎಂಬ ಚಿತ್ರ ಬರೆಯುವ ಹಾಳೆ ಮೇಲೆ ಫೋಟೋವನ್ನು ಚಿಕ್ಕದಾಗಿ ಬರೆದು, ಅದನ್ನು ಜೆಪೆಗ್ ಮಾಡಿ ಕಳಿಸಬಹುದು. ನನ್ನದೇ ಅಂಕಪಟ್ಟಿ ತಂದು ಕಿಟಕಿ ಪಕ್ಕ ಇಟ್ಟು ಫೋಟೋ ತೆಗೆದೆ. ಉದ್ದದ ಬದಿ 800 ಪಿಕ್ಸೆಲ್ ಇಟ್ಟಾಗ ಫೈಲ್ ತುಂಬಾ ಚಿಕ್ಕದಾಯಿತು, ಆದರೆ ನೋಂದಣಿ ಸಂಖ್ಯೆಯ 3 ಯಾವುದು, 8 ಯಾವುದು ಗೊತ್ತಾಗಲಿಲ್ಲ. ಒಂದು ಅಂಕೆ ತಪ್ಪು ಓದಿದರೆ ಒಬ್ಬರ ಸೀಟು ಹೋಗುತ್ತೆ. 1200ಕ್ಕೂ ಅನುಮಾನ ಉಳಿಯಿತು. 1600ಕ್ಕೆ ಬಂದಾಗ ಮೊಹರಿನ ಕೆಳಗಿನ ಅಕ್ಷರವೂ ಓದಲು ಬಂತು. ನಾಲ್ಕು ಎಂಬಿಯದು ನಾನೂರು ಕೆಬಿಗೆ ಇಳಿದಿತ್ತು. ಹೀಗೆ ಬರೆದಾಗ ಫೋಟೋ ತೆಗೆದ ಜಾಗದ ಗುರುತು, ಕ್ಯಾಮೆರಾ ಸೇರಿಸಿದ್ದರೆ, ಅದೂ ಉದುರಿ ಹೋಗುತ್ತದೆ. ಹೆಣ್ಣುಮಕ್ಕಳ ಹಾಸ್ಟೆಲ್ ಅರ್ಜಿಯಲ್ಲಿ ಅವರ ಮನೆಯ ಜಾಗ ನಮಗ್ಯಾಕೆ ಬೇಕು, ಅಲ್ವಾ?

ಬಂದದ್ದು ನಿಜವಾಗಿ ಫೋಟೋನಾ ಅಂತ ತಿಳಿಯಲು, ಸರ್ವರಿನಲ್ಲಿ ಫೈಲಿನ ಹೆಸರು ನಂಬದೆ ಅದರೊಳಗಿನ ಮೊದಲ ಬೈಟುಗಳನ್ನು ನೋಡುವ ತಪಾಸಣೆ ಮೊದಲೇ ಇತ್ತು. ಅದನ್ನು ಹಾಗೇ ಬಿಟ್ಟೆ.

ಸಂಜೆ ಮತ್ತೆ ಲಾಗ್ ತೆರೆದೆ. ಬೆಳಗ್ಗೆ ಕೊನೆ ಸಾಲು ಮಾತ್ರ ನೋಡಿದ್ದೆ. ಹಿಂದಕ್ಕೆ ಹೋದ ಹಾಗೆ ಅದೇ ಸಾಲು, ಅದೇ 8388608. ಎಂಟು ದಿನದಲ್ಲಿ 43 ಸಲ. ಅದರಲ್ಲಿ ಆರು ಈ ಹುಡುಗಿಯದು. ಉಳಿದ 37 ಯಾರದ್ದು? ಮೂಟೆ ಬಿಚ್ಚಿಲ್ಲವಲ್ಲ, ಹೆಸರಿಲ್ಲ, ಊರಿಲ್ಲ, ಫೋನ್ ನಂಬರಿಲ್ಲ. ಒಬ್ಬರೇ ಹತ್ತು ಸಲ ಒತ್ತಿದ್ದರೋ, ಇಪ್ಪತ್ತು ಮಕ್ಕಳು ಒಂದೊಂದು ಸಲ ಒತ್ತಿ ಬಿಟ್ಟರೋ, ಹೇಳೋಕಾಗಲ್ಲ. ಬಸ್ಸು ಹತ್ತಿ ಬಂದವರು ಇವರೊಬ್ಬರೇ.

ಟ್ರಸ್ಟಿನವರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ದಿನ ಮುಂದೂಡಿ ಎಂದು ಕೇಳಿಕೊಂಡೆ. ನಾಲ್ಕು ದಿನ ಕೊಟ್ಟರು. ‘ಮೊದಲು ಪ್ರಯತ್ನಿಸಿ ಆಗದವರು ಮತ್ತೆ ಅರ್ಜಿ ಹಾಕಿ. ತೊಂದರೆ ನಮ್ಮ ಕಡೆಯಿಂದ ಆಗಿತ್ತು’ ಅಂತ ಪುಟದ ಮೇಲೆ ದೊಡ್ಡದಾಗಿ ಹಾಕಿದೆ. ಹಳ್ಳಿ ಶಾಲೆಗಳ ಮೇಷ್ಟ್ರುಗಳಿಗೆ ವಾಟ್ಸ್ಆ್ಯಪ್ ಹೋಯಿತು.

ಆ ರಾತ್ರಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು ಆಫೀಸಲ್ಲೇ ಕೂತಿದ್ದೆ. ಹತ್ತೂವರೆಗೆ ಒಂದು ಅರ್ಜಿ ಬಂತು. ಜಗಳೂರು ತಾಲ್ಲೂಕು, ಬೇರೆ ಹಳ್ಳಿ, ಬೇರೆ ಹೆಸರು. ಮೂರು ಫೈಲು, ಒಟ್ಟು 1 ಎಂಬಿ ಚಿಲ್ಲರೆ. ಅಂಕಪಟ್ಟಿ ತೆರೆದು ನೋಂದಣಿ ಸಂಖ್ಯೆ ಓದಿದೆ. ಎಲ್ಲಾ ಅಂಕೆಗಳೂ ಸ್ಪಷ್ಟವಾಗಿದ್ದವು.