ಕಾರ್ ಬ್ಯಾಟರಿ ಲಾಗ್: ನಿಂತಲ್ಲೇ ಕರೆಂಟ್ ಕುಡಿಯೋದು ಯಾರು?

ಮಾರ್ಚ್ ಕೊನೆ

ಹೊಸ ಬ್ಯಾಟರಿ ಹಾಕಿಸಿದೆ. ಹಳೆಯದು ಮೂರು ವರ್ಷ ತುಂಬುವ ಮೊದಲೇ ಕೈಕೊಟ್ಟಿತು. ಕಾರು ಸ್ಟಾರ್ಟ್-ಸ್ಟಾಪ್ (ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗಿ, ಹೊರಡುವಾಗ ತಾನೇ ಚಾಲೂ ಆಗುವುದು) ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಧಾರವಾಡದ ಸಪ್ತಾಪುರದಲ್ಲಿ ಮನೆ ಮುಂದೆ ನಿಲ್ಲುತ್ತೆ. ನನ್ನ ಕೆಲಸ ಮನೆಯಿಂದಲೇ ಆಗುವುದರಿಂದ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಆಗಾಗ ಹುಬ್ಬಳ್ಳಿ, ಉಳಿದಂತೆ ಮಾರ್ಕೆಟ್, ಮಗಳ ಶಾಲೆ. ಅಷ್ಟೇ.

ಹುಬ್ಬಳ್ಳಿಯ ಗೋಕುಲ ರೋಡಿನ ಬ್ಯಾಟರಿ ಅಂಗಡಿಯ ಕಾಕಾ ಹಳೇ ಬ್ಯಾಟರಿಗೆ ಟೆಸ್ಟರ್ ಹಚ್ಚಿ ನೋಡಿದರು. "ಗಾಡಿ ಓಡಸಂಗಿಲ್ಲೇನ್ರಿ? ಇದು ಓಡಿ ಸತ್ತಿದ್ದಲ್ರಿ, ನಿಂತ ನಿಂತ ಸತ್ತೈತಿ" ಅಂದರು. ಈ ಲಾಗ್ ಶುರುವಾಗಿದ್ದು ಆ ಮಾತಿನಿಂದ. ನಿಂತಲ್ಲಿ ಬ್ಯಾಟರಿ ಹೇಗೆ ಸಾಯುತ್ತೆ, ಸಾಯಿಸುವವರು ಯಾರು, ಒಂದ್ಸಲ ಅಳೆದೇ ನೋಡೋಣ ಅನ್ನಿಸಿತು.

ಬ್ಯಾಟರಿ ಬದಲಿಸುವಾಗ ಒಂದು ವಿಷಯದಲ್ಲಿ ನಾನು ಜಗ್ಗಲಿಲ್ಲ. ಕಂಪನಿಯಿಂದ ಬಂದದ್ದು ಸಾದಾ ಬ್ಯಾಟರಿಯಲ್ಲ, ಇಎಫ್‌ಬಿ, ಹಾಗಾಗಿ ಹಾಕಿಸಿದ್ದೂ ಇಎಫ್‌ಬಿ. ಸಾದಾ ಬ್ಯಾಟರಿ ಅದೇ ಜಾಗದಲ್ಲಿ ಚೆನ್ನಾಗಿ ಕೂರುತ್ತೆ, ಗಾಡಿನೂ ಸ್ಟಾರ್ಟ್ ಆಗುತ್ತೆ, ದುಡ್ಡೂ ಉಳಿಯುತ್ತೆ. ಆದರೆ ಸ್ಟಾರ್ಟ್-ಸ್ಟಾಪ್ ಗಾಡಿಯಲ್ಲಿ ಬ್ಯಾಟರಿ ದಿನವಿಡೀ ಸ್ವಲ್ಪ ಖಾಲಿ, ಸ್ವಲ್ಪ ಭರ್ತಿ ಆಗುತ್ತಲೇ ಇರುತ್ತೆ. ಆ ಎಳೆದಾಟ ತಾಳಿಕೊಳ್ಳುವಂತೆ ಪ್ಲೇಟ್ ಗಟ್ಟಿ ಮಾಡಿದ್ದೇ ಇಎಫ್‌ಬಿ. ಇನ್ನೂ ದುಬಾರಿ ಗಾಡಿಗಳಲ್ಲಿ ಎಜಿಎಂ ಬರುತ್ತೆ. ಅದರಲ್ಲಿ ಆಸಿಡ್ ಗಾಜಿನ ನಾರಿನ ಪದರದೊಳಗೆ ಹಿಡಿದುಕೊಂಡಿರುತ್ತೆ. ಎಜಿಎಂ ಇದ್ದಲ್ಲಿ ಎಜಿಎಂ ಹಾಕಬೇಕು, ಕೆಳಗಿನದಕ್ಕೆ ಇಳಿಯಬಾರದು. ಮೇಲೆ ಒತ್ತಿರುವ ತಯಾರಿಕೆ ತಿಂಗಳನ್ನೂ ಓದಿಸಿ ತಗೊಂಡೆ. ಅಂಗಡಿಯಲ್ಲಿ ಕೂತ ಬ್ಯಾಟರಿಯೂ ತನ್ನಷ್ಟಕ್ಕೆ ಇಳಿಯುತ್ತಿರುತ್ತೆ.

ಏಪ್ರಿಲ್ ಮೊದಲ ವಾರ

ಮೊದಲು ವೋಲ್ಟೇಜ್ ಓದುವ ಲೆಕ್ಕ ಬರೆದಿಡುತ್ತೇನೆ, ಮುಂದೆ ಪದೇ ಪದೇ ಬೇಕಾಗುತ್ತೆ. ಎಂಜಿನ್ ಆಫ್ ಮಾಡಿ ಕೆಲವು ಗಂಟೆ ಬಿಟ್ಟ ಮೇಲೆ ಅಳೆದದ್ದಷ್ಟೇ ನಿಜವಾದ ಓದು. ಆಗ 12.6 ಅಥವಾ 12.7 ಬಂದರೆ ಬ್ಯಾಟರಿ ಭರ್ತಿ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ ಉಳಿದಿದೆ ಅಂತ. 11.8 ಅಂದರೆ ಹೆಚ್ಚುಕಮ್ಮಿ ಖಾಲಿ. ಎಜಿಎಂನಲ್ಲಿ ಇವೆಲ್ಲ ಒಂದು ಎಳೆ ಮೇಲಿರುತ್ತವೆ. 12 ವೋಲ್ಟ್ ಬ್ಯಾಟರಿಯಲ್ಲಿ 12 ವೋಲ್ಟ್ ತೋರಿಸಿದರೆ ಸರಿಯಾಗಿದೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಅಲ್ಲಿಗೆ ಅದು ಆಗಲೇ ಸೊರಗಿರುತ್ತೆ.

ಖಾಲಿಯಾಗಿ ನಿಂತರೆ ಏನಾಗುತ್ತೆ? ಬ್ಯಾಟರಿ ಇಳಿಯುವಾಗ ಪ್ಲೇಟ್ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ. ತಡಮಾಡದೆ ಚಾರ್ಜ್ ಮಾಡಿದರೆ ಕರಗಿ ಹೋಗುತ್ತೆ. ದಿನಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತೆ. ಆಮೇಲೆ ಅಷ್ಟು ಜಾಗ ಕೆಲಸಕ್ಕೆ ಬರುವುದಿಲ್ಲ. ಅಂದರೆ 35 ಎಎಚ್ (ಆಂಪ್-ಅವರ್; ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಎಎಚ್) ಬ್ಯಾಟರಿ ಗೊತ್ತಾಗದ ಹಾಗೆ 25 ಎಎಚ್ ಆಗಿಬಿಡುತ್ತೆ. ಕಾಕಾ ಹೇಳಿದ "ನಿಂತ ನಿಂತ" ಇದೇ.

ಏಪ್ರಿಲ್, ಒಂದು ಭಾನುವಾರ

ಇವತ್ತಿನದು ದೊಡ್ಡ ಕೆಲಸ. ಗಾಡಿ ಲಾಕ್ ಮಾಡಿ ಬಿಟ್ಟಾಗ ಎಷ್ಟು ಕರೆಂಟ್ ಹೋಗುತ್ತೆ ಅಂತ ಅಳೆಯುವುದು. ಹೆಂಡತಿಯ ತಮ್ಮ ಬಂದಿದ್ದ, ಐಟಿಐ ಎಲೆಕ್ಟ್ರಿಷಿಯನ್. ಮಲ್ಟಿಮೀಟರ್ ಅವನದು.

ವಿಧಾನ ಹೀಗೆ. ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಬೇಕು. ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಿ, ಮೈನಸ್ ಕಂಬಕ್ಕೂ ಬಿಚ್ಚಿದ ಕ್ಲಾಂಪಿಗೂ ನಡುವೆ ಮೀಟರ್ ಕೂರಿಸಬೇಕು. ಗಾಡಿಯ ಕರೆಂಟೆಲ್ಲ ಮೀಟರ್ ಮೂಲಕವೇ ಹಾಯುತ್ತೆ. ಈ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬಾರದು, ಮೀಟರಿನ ಫ್ಯೂಸ್ ಹಾರುತ್ತೆ.

ಇಂದಿನ ಗಾಡಿಗಳಲ್ಲಿ ಇನ್ನೊಂದು ತಂಟೆ ಇದೆ. ಬಾನೆಟ್ ತೆರೆದಿದ್ದರೆ ಕಂಪ್ಯೂಟರುಗಳು ಮಲಗುವುದಿಲ್ಲ. ಅದಕ್ಕೆ ಭಾಮೈದ ಸ್ಕ್ರೂಡ್ರೈವರಿನಿಂದ ಬಾನೆಟ್ ಲಾಚನ್ನು ಟಕ್ ಅಂತ ಒತ್ತಿದ. ಬಾನೆಟ್ ಮುಚ್ಚಿದೆ ಅಂತ ಗಾಡಿ ನಂಬಿತು. ಒಂದು ಕಿಟಕಿ ಗ್ಲಾಸ್ ಇಳಿಸಿ, ಲಾಕ್ ಮಾಡಿ, ಕೀ ಒಯ್ದು ಅಡುಗೆಮನೆಯಲ್ಲಿಟ್ಟೆವು. ಕೀಲೆಸ್ ಕೀ ಹತ್ತಿರ ಇದ್ದರೂ ಗಾಡಿ ಎಚ್ಚರವಾಗುತ್ತೆ.

ಲಾಕ್ ಆದ ಕೂಡಲೇ ಮೀಟರ್ 3 ಆಂಪ್ ದಾಟಿತ್ತು. ಸ್ವಲ್ಪ ಹೊತ್ತಿಗೆ 1ಕ್ಕಿಂತ ಕೆಳಗೆ ಬಂತು. ಗಾಡಿ ಪೂರ್ತಿ ಮಲಗಲು ಅರ್ಧ ಗಂಟೆಯಾದರೂ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ನಾವು ಒಳಗೆ ಹೋಗಿ ಗಿರಮಿಟ್ ತಿಂದು ಚಹಾ ಕುಡಿದು ಬಂದೆವು. ಮೀಟರ್ 0.31 ಆಂಪ್‌ನಲ್ಲಿ ನಿಂತಿತ್ತು. ಕೆಳಗೆ ಇಳಿಯಲೇ ಇಲ್ಲ.

ಸಾಮಾನ್ಯವಾಗಿ 0.02ರಿಂದ 0.05 ಆಂಪ್ ಇದ್ದರೆ ಸರಿ. ಅಲಾರಂ, ಗಡಿಯಾರ, ಕೀ ಕೇಳಿಸಿಕೊಳ್ಳುವ ರಿಸೀವರ್, ಇವಕ್ಕೆಲ್ಲ ಅಷ್ಟು ಬೇಕೇ ಬೇಕು. 0.31 ಅಂದರೆ 24 ಗಂಟೆಗೆ 7.4 ಎಎಚ್. 35 ಎಎಚ್ ಬ್ಯಾಟರಿ ಎರಡೂವರೆ ದಿನದೊಳಗೆ ಅರ್ಧಕ್ಕೆ ಬರುತ್ತೆ!

"ಭಾವ, ಕ್ಯಾಮೆರಾ ಫ್ಯೂಸ್ ತಗೀತೀನಿ ನೋಡ್ರಿ" ಅಂದ ಅವನು. ತೆರೆದ ಕಿಟಕಿಯಿಂದ ಕೈ ಹಾಕಿ, ಬಾಗಿಲು ತೆರೆಯದೆ, ರಸ್ತೆ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್‌ನ ಫ್ಯೂಸ್ ಎಳೆದ. 0.08ಕ್ಕೆ ಬಿತ್ತು. ಸ್ಟಿಯರಿಂಗ್ ಕೆಳಗೆ ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚುವ ಓಬಿಡಿ ಪೋರ್ಟಿಗೆ ಚುಚ್ಚಿದ್ದ ಬ್ಲೂಟೂತ್ ಡಾಂಗಲ್ ಕಿತ್ತ. 0.03. ಆ ಪೋರ್ಟಿನಲ್ಲಿ ಕೀ ಆಫ್ ಇದ್ದರೂ 12 ವೋಲ್ಟ್ ಹರಿಯುತ್ತಲೇ ಇರುತ್ತೆ. ಹಾಗಾಗಿ ಡಾಂಗಲ್ ಹಗಲು ರಾತ್ರಿ ಕುಡಿಯುತ್ತೆ.

ಕಳ್ಳ ಸಿಕ್ಕಿದ. ಗಾಡಿಯ ತಪ್ಪೇನಿಲ್ಲ, ಕುಡಿಯುತ್ತಿದ್ದುದೆಲ್ಲ ಆಮೇಲೆ ಸೇರಿಸಿದ ಸಾಮಾನು.

ಮೈನಸ್ ಬಿಚ್ಚಿದ್ದಕ್ಕೆ ಗಡಿಯಾರ ಸೊನ್ನೆಗೆ ಹೋಯಿತು. ಡ್ರೈವರ್ ಕಿಟಕಿ ಒಂದೇ ಒತ್ತಿಗೆ ಮೇಲೇರುವುದನ್ನು ಮರೆಯಿತು. ಗ್ಲಾಸ್ ಪೂರ್ತಿ ಏರಿಸಿ ಬಟನ್ ಸ್ವಲ್ಪ ಹೊತ್ತು ಹಿಡಿದಿಟ್ಟರೆ ಮತ್ತೆ ಕಲಿತುಕೊಂಡಿತು. ಮುಂದಿನ ಸಲ ಬ್ಯಾಟರಿ ಬಿಚ್ಚುವುದೇ ಇಲ್ಲ. ಫ್ಯೂಸ್‌ನ ಬೆನ್ನ ಮೇಲೆ ಎರಡು ಲೋಹದ ಚುಕ್ಕೆ ಇರುತ್ತವೆ ಅಲ್ವಾ, ಅಲ್ಲಿ ಮಿಲಿವೋಲ್ಟ್ ಅಳೆದರೆ ಯಾವ ಲೈನಿನಲ್ಲಿ ಕರೆಂಟ್ ಹರಿಯುತ್ತಿದೆ ಅಂತ ಫ್ಯೂಸ್ ಕೀಳದೆ ಗೊತ್ತಾಗುತ್ತೆ.

ಅದೇ ವಾರ

ಡ್ಯಾಶ್‌ಕ್ಯಾಮ್ ವೈರಿಂಗ್ ಡಬ್ಬಿ ಬಿಚ್ಚಿ ನೋಡಿದೆ. ಬ್ಯಾಟರಿ ಎಷ್ಟಕ್ಕೆ ಇಳಿದರೆ ಕ್ಯಾಮೆರಾ ತಾನೇ ಆಫ್ ಆಗಬೇಕು ಅನ್ನುವ ಚಿಕ್ಕ ಸ್ವಿಚ್ ಅದರಲ್ಲಿತ್ತು. ಕೂರಿಸಿದ ಹುಡುಗ ಅದನ್ನು 11.8ರಲ್ಲಿ ಬಿಟ್ಟಿದ್ದ. ಮೇಲಿನ ಲೆಕ್ಕ ನೆನಪಿದೆಯಲ್ಲ, 11.8 ಅಂದರೆ ಖಾಲಿ. ಅಂದರೆ ಗಾಡಿ ನಾಲ್ಕೈದು ದಿನ ನಿಂತಾಗೆಲ್ಲ ಕ್ಯಾಮೆರಾ ಬ್ಯಾಟರಿಯನ್ನು ತಳ ಕಾಣುವವರೆಗೆ ಹೀರಿ ಆಮೇಲೆ ಸಭ್ಯಸ್ಥನಂತೆ ಆಫ್ ಆಗುತ್ತಿತ್ತು. ಈಗ 12.4ಕ್ಕೆ ಇಟ್ಟಿದ್ದೇನೆ. ಮನೆ ಮುಂದೆ ನಿಂತಾಗ ಪಾರ್ಕಿಂಗ್ ಮೋಡ್ (ಗಾಡಿ ಆಫ್ ಇದ್ದಾಗಲೂ ರೆಕಾರ್ಡ್ ಮಾಡುವುದು) ಬೇಡವೇ ಬೇಡ, ಆಫ್. ಎದುರು ಮನೆ ಅಜ್ಜಿ ಕಟ್ಟೆ ಮೇಲೆ ಕೂತಿರುತ್ತಾರೆ, ಅವರಿಗಿಂತ ಒಳ್ಳೆ ಕ್ಯಾಮೆರಾ ಇಲ್ಲ. ಡಾಂಗಲ್ ಗ್ಲೋವ್ ಬಾಕ್ಸ್ ಸೇರಿತು.

ಮೇ

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ವೋಲ್ಟ್‌ಮೀಟರ್ ತಂದು ಹುಬ್ಬಳ್ಳಿವರೆಗೆ ನೋಡುತ್ತಾ ಹೋದೆ. ಹೆಂಡತಿ ಓಡಿಸಿದಳು, ನಾನು ಬರೆದುಕೊಂಡೆ. ಹಳೇ ಗಾಡಿಗಳಲ್ಲಿ ಎಂಜಿನ್ ಓಡುತ್ತಿದ್ದರೆ ಮುಳ್ಳು 14ರ ಆಸುಪಾಸು ನಿಂತೇ ಇರುತ್ತಿತ್ತು. ಇದರಲ್ಲಿ ಹಾಗಿಲ್ಲ. ಸತ್ತೂರು ದಾಟಿ ವೇಗ ಏರಿಸಿದಾಗ 12.7. ಆಕ್ಸಿಲರೇಟರ್ ಬಿಟ್ಟ ಕೂಡಲೇ 14.7. ಗಾಡಿ ಎಳೆಯುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿಗೆ ರಜೆ, ನಿಧಾನವಾಗುವಾಗ ಪುಕ್ಕಟೆ ಸಿಗುವ ವೇಗದಿಂದ ಚಾರ್ಜ್. ಪೆಟ್ರೋಲ್ ಉಳಿಸುವ ಉಪಾಯ. ಹಾಗೆ ಬಂದದ್ದನ್ನು ತುಂಬಿಕೊಳ್ಳಲು ಜಾಗ ಇರಲಿ ಅಂತ ಇಂಥ ಗಾಡಿಗಳು ಬ್ಯಾಟರಿಯನ್ನು ಬೇಕಂತಲೇ ಪೂರ್ತಿ ತುಂಬಿಸುವುದಿಲ್ಲ, ನೂರಕ್ಕೆ ಎಂಬತ್ತರ ಹತ್ತಿರ ಇಡುತ್ತವೆ. ಕಂಪನಿಗೆ ಮೈಲೇಜ್ ಮುಖ್ಯ, ಬ್ಯಾಟರಿ ಖರ್ಚು ನಮ್ಮದು. ಹೆಡ್‌ಲೈಟ್ ಹಾಕಿದರೆ ಮಾತ್ರ ನನ್ನ ಗಾಡಿ 14ರ ಮೇಲೇ ನಿಲ್ಲುತ್ತೆ. ಲಾಂಗ್ ಹೋಗುವಾಗ ಹಗಲಲ್ಲೂ ಹಾಕಿಕೊಳ್ಳುತ್ತೇನೆ.

ಪಕ್ಕದ ಮನೆಯವರು ಬೆಳಿಗ್ಗೆ ಗಾಡಿ ಹೊರಗೆ ತೆಗೆಯದೆ ಐದು ನಿಮಿಷ ಸುಮ್ನೆ ಚಾಲೂ ಮಾಡಿ ಬಂದ್ ಮಾಡುತ್ತಾರೆ, "ಬ್ಯಾಟರಿ ಛಲೋ ಇರ್ತೈತಿ" ಅಂತ. ಸ್ಟಾರ್ಟಿಗೆ ಹೋದದ್ದನ್ನು ಅಷ್ಟರಲ್ಲಿ ವಾಪಸ್ ತುಂಬಬಹುದು. ರಾತ್ರಿಯೆಲ್ಲ ಸೋರಿದ್ದು ಬರುವುದಿಲ್ಲ. ಕೊಡಕ್ಕೆ ತೂತಿಟ್ಟುಕೊಂಡು ಚರಿಗೆಯಲ್ಲಿ ನೀರು ಹಾಕಿದ ಹಾಗೆ. ಅರ್ಧ ಗಂಟೆಗೂ ಮೇಲೆ ರಸ್ತೆಯಲ್ಲಿ ಓಡಿಸಿದರೆ ಒಂದು ಅರ್ಥ.

ಸ್ಟಾರ್ಟ್ ಮಾಡಿದರೆ ಬ್ಯಾಟರಿ ತುಂಬಾ ಖರ್ಚಾಗುತ್ತೆ ಅನ್ನೋದನ್ನೂ ಲೆಕ್ಕ ಹಾಕಿದೆ. ಸ್ಟಾರ್ಟರ್ ಒಂದು ಸೆಕೆಂಡ್ 200 ಆಂಪ್ ಎಳೆಯಿತು ಅನ್ನಿ, ಹೋಗುವುದು 0.06 ಎಎಚ್‌ಗೂ ಕಮ್ಮಿ. ಅದೇ ಜುಬಿಲಿ ಸರ್ಕಲ್ಲಿನಲ್ಲಿ ಸ್ಟಾರ್ಟ್-ಸ್ಟಾಪ್ ಎಂಜಿನ್ ನಿಲ್ಲಿಸಿತು, ಬ್ಲೋವರ್, ಲೈಟ್, ವೈಪರ್, ಮ್ಯೂಸಿಕ್ ಎಲ್ಲ ಸೇರಿ 20 ಆಂಪ್ ಅಂತಿಟ್ಟುಕೊಳ್ಳಿ. ಒಂದು ನಿಮಿಷಕ್ಕೆ 0.33 ಎಎಚ್. ಆರು ಸ್ಟಾರ್ಟಿನಷ್ಟು! ಸಿಗ್ನಲ್ ಮೇಲೆ ಸಿಗ್ನಲ್ ಇರುವ ಊರೊಳಗಿನ ಓಡಾಟದಲ್ಲಿ ಸ್ಟಾರ್ಟ್-ಸ್ಟಾಪ್ ಆಫ್ ಬಟನ್ ಒತ್ತುವುದು ಈಗ ನನಗೆ ಸೀಟ್ ಬೆಲ್ಟ್ ಹಾಕಿದಷ್ಟೇ ರೂಢಿ.

ಬಿಸಿಲಿನ ಬಗ್ಗೆ ಎರಡು ಮಾತು. ಬ್ಯಾಟರಿಗೆ ಚಳಿಗಿಂತ ಸೆಕೆ ಕೆಟ್ಟದ್ದು. ತಾಪ 10 ಡಿಗ್ರಿ ಏರಿದರೆ ಒಳಗಿನ ಸವೆತ ಸುಮಾರು ಎರಡು ಪಟ್ಟು ವೇಗವಾಗುತ್ತೆ ಅನ್ನುವುದು ಈ ಕೆಲಸದವರ ಲೆಕ್ಕ. ಬಾನೆಟ್ ಕೆಳಗಂತೂ ಹೊರಗಿಗಿಂತ ಎಷ್ಟೋ ಜಾಸ್ತಿ ಕಾವು. ಹೊಂಗೆ ಮರದ ನೆರಳಿಗೆ ಗಾಡಿ ಸರಿಸಿದ್ದೇನೆ. ಬ್ಯಾಟರಿ ಸುತ್ತ ಕಂಪನಿ ಹಾಕಿದ ಕಪ್ಪು ಹೊದಿಕೆ ಇರುತ್ತಲ್ಲ, ಬದಲಿಸುವಾಗ ಕೆಲವರು ಅದನ್ನು ಎಸೆದುಬಿಡುತ್ತಾರೆ. ಕಾವು ತಡೆಯುವುದಕ್ಕೇ ಅದು ಇರುವುದು, ಕೇಳಿ ವಾಪಸ್ ಹಾಕಿಸಿಕೊಳ್ಳಿ. ಏಪ್ರಿಲ್-ಮೇನಲ್ಲಿ ಪೆಟ್ಟು ತಿಂದ ಬ್ಯಾಟರಿ ಡಿಸೆಂಬರಿನ ಬೆಳಿಗ್ಗೆ ಕೈಕೊಡುತ್ತೆ, ಬೈಗುಳ ಚಳಿಗೆ ಬೀಳುತ್ತೆ.

ಜೂನ್

ಸ್ಮಾರ್ಟ್ ಚಾರ್ಜರ್ ಬಂತು, 4 ಆಂಪಿನದು. ಎಎಚ್‌ನ ಹತ್ತನೇ ಒಂದು ಭಾಗದಷ್ಟು ಆಂಪ್ ಇದ್ದರೆ ಬ್ಯಾಟರಿಗೆ ಹಿತ, ನನ್ನದಕ್ಕೆ ಇದು ಹೊಂದುತ್ತೆ. 14.4 ವೋಲ್ಟ್‌ವರೆಗೆ ಏರಿಸಿ, ಬ್ಯಾಟರಿ ತುಂಬುತ್ತಾ ಬಂದ ಹಾಗೆ ಕರೆಂಟ್ ತಾನೇ ಇಳಿಸಿ, ಕೊನೆಗೆ 13.6ರಲ್ಲಿ ಹಿಡಿದಿಡುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಟಾರ್ಟ್-ಸ್ಟಾಪ್ ಗಾಡಿಗಳ ಮೈನಸ್ ಕಂಬದ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಒಂದು ಸೆನ್ಸರ್ ಕೂತಿರುತ್ತೆ. ಒಳಗೆ ಹೋದದ್ದು, ಹೊರಗೆ ಬಂದದ್ದು ಎಲ್ಲ ಅದು ಲೆಕ್ಕ ಇಡುತ್ತೆ. ಚಾರ್ಜರಿನ ಕಪ್ಪು ಕ್ಲಿಪ್ಪನ್ನು ನೇರವಾಗಿ ಕಂಬಕ್ಕೆ ಹಾಕಿದರೆ ತುಂಬಿದ ಕರೆಂಟ್ ಸೆನ್ಸರಿಗೆ ಕಾಣುವುದೇ ಇಲ್ಲ. ಅದಕ್ಕೆ ಕಪ್ಪು ಕ್ಲಿಪ್ ಎಂಜಿನ್ ಅಥವಾ ಬಾಡಿಯ ಬರೀ ಲೋಹದ ಬೋಲ್ಟಿಗೆ ಹಾಕಬೇಕು. ಕೆಂಪು ಮಾತ್ರ ಪ್ಲಸ್‌ಗೆ. ಕೆಲವು ಗಾಡಿಗಳಿಗೆ ಬ್ಯಾಟರಿ ಬದಲಿಸಿದ್ದನ್ನು ಸ್ಕ್ಯಾನರ್ ಹಚ್ಚಿ ತಿಳಿಸಬೇಕಾಗುತ್ತೆ. ಇಲ್ಲದಿದ್ದರೆ ಮುದಿ ಬ್ಯಾಟರಿ ಅಂದುಕೊಂಡೇ ಹೊಸದಕ್ಕೂ ಚಾರ್ಜ್ ಮಾಡುತ್ತೆ.

ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಇಳಿಬಿಟ್ಟು ಚಾರ್ಜ್‌ಗೆ ಹಾಕಿದ್ದು ನೋಡಿ ಎದುರು ಮನೆ ಅಜ್ಜಿ, "ಕರೆಂಟಿನ ಗಾಡಿ ತಗೊಂಡಿಯೇನಪಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ.

ಜುಲೈ

ಜಿಟಿಜಿಟಿ ಮಳೆ. ಪ್ಲಸ್ ಕಂಬದ ಬುಡದಲ್ಲಿ ನೀಲಿ-ಬಿಳಿ ಪುಡಿ ಕಾಣಿಸಿತು. ಮೈನಸ್ ಮೊದಲು ಬಿಚ್ಚಿ, ಅಡುಗೆ ಸೋಡಾ ಬಿಸಿನೀರಿನಲ್ಲಿ ಕದಡಿ, ಹಳೇ ಬ್ರಶ್‌ನಿಂದ ತಿಕ್ಕಿದೆ. ಬುಸುಬುಸು ನೊರೆ ಬಂದು ಪುಡಿ ಹೋಯಿತು. ಒರೆಸಿ, ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್. ಹಾಕುವಾಗ ಮೈನಸ್ ಕೊನೆಗೆ. ಬ್ಯಾಟರಿ ಹಿಡಿದಿಡುವ ಪಟ್ಟಿಯೂ ಸಡಿಲಾಗಿತ್ತು, ಬಿಗಿ ಮಾಡಿದೆ. ಅಲುಗಾಡಿದರೆ ಒಳಗಿನ ಪ್ಲೇಟಿನ ಪದರ ಉದುರುತ್ತೆ.

ಆಗಸ್ಟ್

ಈಗಿನ ಸ್ಥಿತಿ. ಎರಡು ರಾತ್ರಿ ನಿಂತ ಮೇಲೆ ಬೆಳಿಗ್ಗೆ 12.6. ಹಳೇ ಬ್ಯಾಟರಿ ಕೊನೆಯ ತಿಂಗಳುಗಳಲ್ಲಿ ಇಷ್ಟೇ ಹೊತ್ತಿಗೆ 12.1ಕ್ಕೆ ಬರುತ್ತಿತ್ತು. ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜ್ 10.5ರವರೆಗೆ ಇಳಿದು ಏರುತ್ತೆ. 9.6ರ ಕೆಳಗೆ ಹೋಗತೊಡಗಿದರೆ ಚಿಂತೆ ಮಾಡಬೇಕು. ಸಿಗ್ನಲ್‌ನಲ್ಲಿ ಆಫ್ ಬಟನ್ ಒತ್ತದಿದ್ದಾಗ ಸ್ಟಾರ್ಟ್-ಸ್ಟಾಪ್ ಮತ್ತೆ ಕೆಲಸ ಮಾಡುತ್ತಿದೆ. ಬ್ಯಾಟರಿ ಸೊರಗಿದರೆ ಗಾಡಿ ಮೊದಲು ನಿಲ್ಲಿಸುವುದೇ ಅದನ್ನು. ಹಳೆಯದು ಸಾಯುವ ಎಷ್ಟೋ ತಿಂಗಳು ಮೊದಲೇ ಅದು ಬಂದ್ ಆಗಿತ್ತು. ನಿಮ್ಮ ಗಾಡಿಯಲ್ಲೂ ಹಾಗಾಗಿದ್ದರೆ ಸುಮ್ನೆ ಬಿಡಬೇಡಿ, ಒಮ್ಮೆ ಅಳೆಯಿರಿ.

ಚಾರ್ಜರ್ ತಿಂಗಳಿಗೊಮ್ಮೆ ಸಾಕಾಗುತ್ತಿದೆ. ಮುಂದಿನದು ಗದಗಿನಲ್ಲಿರುವ ಮಾವನವರ ಹಳೇ ಡೀಸೆಲ್ ಗಾಡಿ. ಸೆನ್ಸರ್ ಇಲ್ಲ, ಸ್ಟಾರ್ಟ್-ಸ್ಟಾಪ್ ಇಲ್ಲ, ಆದರೆ ಜಿಪಿಎಸ್ ಟ್ರ್ಯಾಕರ್ ಒಂದು, ಚೀಲದಷ್ಟು ದೊಡ್ಡ ಆಂಪ್ಲಿಫೈಯರ್ ಒಂದು. ಮೀಟರ್ ಇನ್ನೂ ವಾಪಸ್ ಕೊಟ್ಟಿಲ್ಲ.