ವೈರು ಜಗ್ಗಿತು

ಬೆಳಗ್ಗಿಂದ ಒಂದೇ ಕೆಲಸ. ಸಾಗುವಾನಿ ಬಾಗಿಲು, ಕೈಯಲ್ಲಿ ಆರ್ಬಿಟಲ್ ಸ್ಯಾಂಡರ್, ಅಂದರೆ ಮರ ಉಜ್ಜಿ ನುಣುಪು ಮಾಡುವ ಮೆಷಿನ್. ಒರಟಾದ 80 ನಂಬರ್ ಸ್ಯಾಂಡ್ ಪೇಪರ್ ಮುಗಿಸಿ ಇನ್ನೂ ನಯವಾದ 120ಕ್ಕೆ ಬಂದಿದ್ದೆ. ಕೈಗೂ ಮೆಷಿನ್ನಿಗೂ ಒಂದು ಲಯ ಸಿಕ್ಕಿತ್ತು. ಅಷ್ಟರಲ್ಲಿ ವೈರು ಬಾಗಿಲಿನ ಮೂಲೆಗೆ ಸಿಕ್ಕಿಕೊಂಡು ಜಗ್ಗಿತು. ಮೆಷಿನ್ ವಾಲಿತು. ಅಂಚು ತಾಗಿದ ಕಡೆ ಸುರುಳಿ ಸುರುಳಿ ಗೀರು, ಚಕ್ಕುಲಿ ಒತ್ತಿದ ಹಾಗೆ. ಈಗ ಓರೆ ಬೆಳಕಿಗೆ ಮಾತ್ರ ಕಾಣುತ್ತದೆ. ಪಾಲಿಶ್ ಬಿದ್ದ ಮೇಲೆ ಎಲ್ಲರಿಗೂ ಕಾಣುತ್ತದೆ.

ಮತ್ತೆ 80ರಿಂದ ಶುರು.

ಆ ವೈರನ್ನು ಧೂಳು ಎಳೆಯುವ ಪೈಪಿನ ಜೊತೆಗೇ ಸೇರಿಸಿ ಮೇಲಿನಿಂದ ಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಪೈಪಿನದ್ದೂ ಅದೇ ಗೋಳು. ಒಂದು ಕಂಪನಿಯ ಸ್ಯಾಂಡರ್ ಬಾಯಿಗೆ ಇನ್ನೊಂದು ಕಂಪನಿಯ ವ್ಯಾಕ್ಯೂಮ್ ಪೈಪ್ ಕೂರುವುದಿಲ್ಲ. ಹಳೇ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದೇನೆ. ಎಲ್ಲರೂ ಒಂದೇ ಅಳತೆ ಇಟ್ಟರೆ ಸಾಕು, ಅಲ್ವಾ? ಮೆಷಿನ್ ಜೊತೆ ಕೊಡುವ ಚೀಲ ದಪ್ಪ ಪುಡಿ ಹಿಡಿಯುತ್ತದೆ. ನುಣ್ಣನೆಯದು ಜಾಸ್ತಿ ನಮ್ಮ ಮೂಗಿಗೇ. ಮರದ ಧೂಳಿನಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ.

ಹೊಸದಾಗಿ ಸೇರಿದ ಹುಡುಗ ಇವತ್ತು ಸೆಕೆ ಅಂತ ಮಾಸ್ಕ್ ಕೆಳಗಿಳಿಸಿದ್ದ. ರೆಪ್ಪೆ ಮೇಲೆಲ್ಲ ಕಂದು ಪುಡಿ. ನಾನೇ ಹೋಗಿ ಮಾಸ್ಕ್ ಮೇಲೆತ್ತಿ ಬಂದೆ.