ಒಗರು, ಹುಳಿ ಮತ್ತು ನೆನೆದ ರಟ್ಟಿನ ವಾಸನೆ

ನನಗೆ ಬೋರ್ಡೋ ಎಂದರೆ ನೀಲಿ ನೀರು ತುಂಬಿದ ಡ್ರಮ್ಮು. ದೊಡ್ಡಬಳ್ಳಾಪುರದ ಹತ್ತಿರದ ನಮ್ಮ ದ್ರಾಕ್ಷಿ ತೋಟದಲ್ಲಿ, ಮಳೆ ಹಿಡಿಯುವ ಮುನ್ನ, ಅಪ್ಪ ಒಂದು ಕಿಲೋ ಮೈಲುತುತ್ತವನ್ನೂ ಒಂದು ಕಿಲೋ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ, ನೂರು ಲೀಟರ್ ಆಗುವಂತೆ ಬೆರೆಸಿ ಕೋಲಿನಿಂದ ಕಲಕುತ್ತಿದ್ದರು. ಕುಡುಗೋಲಿನ ಅಲಗನ್ನು ಅದರಲ್ಲಿ ಅದ್ದಿ ನೋಡುವುದು ನನ್ನ ಪಾಲಿನ ಕೆಲಸ. ಅಲಗಿಗೆ ಕೆಂಪು ಕಟ್ಟಿದರೆ ಸುಣ್ಣ ಸಾಲದು ಎಂದರ್ಥ. ಬಳ್ಳಿಗೆ ಬೂಷ್ಟು ಹಿಡಿಸುವ ಡೌನಿ ರೋಗಕ್ಕೆ ಹೊಡೆಯುವ ಆ ದ್ರಾವಣಕ್ಕೆ ಹೆಸರು ಬಂದದ್ದು ಫ್ರಾನ್ಸಿನ ಊರೊಂದರಿಂದ ಎಂದು ನನಗೆ ತಿಳಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಬೆಂಗಳೂರಿನ ವೈನ್ ತರಗತಿಯ ಗೋಡೆಯ ಮೇಲಿದ್ದ ನಕ್ಷೆಯ ಮುಂದೆ. ಅಲ್ಲಿನ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಸುಣ್ಣ, ಮೈಲುತುತ್ತ ಎರಚುತ್ತಿದ್ದರಂತೆ. ಆ ಬಳ್ಳಿಗಳು ರೋಗದಿಂದ ಉಳಿದುಕೊಂಡದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ಅಂದು ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಕಳ್ಳರ ಭಯದಿಂದ ಹುಟ್ಟಿದ ಔಷಧವೇ ಅದು!" ಎಂದು ಅವರು ಬಹಳ ಹೊತ್ತು ಸಂತೋಷಪಟ್ಟರು.

ಆ ಕೋರ್ಸಿಗೆ ನಾನು ಸೇರಲು ಕಾರಣ ನಂದಿ ಬೆಟ್ಟದ ತಪ್ಪಲು. ನಾವು ದ್ರಾಕ್ಷಿಯನ್ನು ಕಿಲೋ ಲೆಕ್ಕದಲ್ಲಿ ಮಾರಿದ ನೆಲದಲ್ಲೇ ಬೇರೆ ತಳಿಯ ದ್ರಾಕ್ಷಿ ಬೆಳೆದು, ಬಾಟಲಿ ಲೆಕ್ಕದಲ್ಲಿ ಮಾರುವವರಿದ್ದಾರೆ. ಆ ಬಾಟಲಿಯೊಳಗೆ ಏನಿದೆ ಎಂಬುದು ದ್ರಾಕ್ಷಿಯ ನಡುವೆಯೇ ಬೆಳೆದ ನನಗೆ ಗೊತ್ತಿಲ್ಲದಿರುವುದು ಸರಿ ಎನಿಸಲಿಲ್ಲ. ಲಂಡನ್ನಿನ ವೈನ್ ಅಂಡ್ ಸ್ಪಿರಿಟ್ ಎಜುಕೇಶನ್ ಟ್ರಸ್ಟ್ ರೂಪಿಸಿರುವ ಎರಡನೇ ಹಂತದ ಕೋರ್ಸಿಗೆ ಹೆಸರು ಕೊಟ್ಟೆ. ಮೂರು ಭಾನುವಾರದ ತರಗತಿ, ಕೊನೆಯಲ್ಲಿ ಒಂದು ಗಂಟೆಯಲ್ಲಿ ಐವತ್ತು ಪ್ರಶ್ನೆಗಳ ಪರೀಕ್ಷೆ.

"ಮೂಸಿ ಮೂಸಿ ಕುಡಿಯುವುದಕ್ಕೂ ಪಾಠವೇನಮ್ಮ?" ಎಂದು ಅಮ್ಮ ಕೇಳಿದ್ದರು. ಹೌದು, ಪಾಠವೇ. ಗ್ಲಾಸಿಗೆ ಐವತ್ತು ಮಿಲಿಲೀಟರ್ ಮಾತ್ರ. ಬಿಳಿ ಕಾಗದದ ಮೇಲೆ ಓರೆ ಹಿಡಿದು ಬಣ್ಣ ನೋಡಬೇಕು, ತಿರುಗಿಸಿ ಮೂಸಬೇಕು, ಬಾಯಿ ತುಂಬ ಆಡಿಸಿ ಪಕ್ಕದ ಪಾತ್ರೆಗೆ ಉಗುಳಬೇಕು. ಉಗುಳುವುದು ನನಗೆ ಹೊಸದೇನಲ್ಲ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತುಟಿಗಿಟ್ಟು ಹಿಂಡಿದರೆ ತಿರುಳು ಜಾರಿ ಒಳಗೆ ಹೋಗುತ್ತದೆ, ದಪ್ಪ ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಚಪ್ಪರದ ಕೆಳಗೆ ಕೂತು ಬೀಜ ಯಾರು ಹೆಚ್ಚು ದೂರ ಉಗುಳುತ್ತಾರೆ ಎಂದು ನಾನೂ ತಮ್ಮನೂ ಪಂದ್ಯ ಕಟ್ಟುತ್ತಿದ್ದೆವು.

ಬಾಯಿಗೆ ಸಂಬಂಧಿಸಿದ ಪಾಠಗಳು ನನಗೆ ಬಹಳ ಹಿಡಿಸಿದವು. ಹುಳಿಯನ್ನು ಅಳೆಯುವುದಕ್ಕೆ ಶಿಕ್ಷಕಿ ಹೇಳಿದ ಉಪಾಯ: ಉಗುಳಿದ ಮೇಲೆ ತಲೆ ಬಗ್ಗಿಸಿ, ಜೊಲ್ಲು ಎಷ್ಟು ಊರುತ್ತದೆ, ಎಷ್ಟು ಹೊತ್ತು ಊರುತ್ತದೆ ಎಂದು ನೋಡುವುದು. ಜರ್ಮನಿಯ ರೀಸ್ಲಿಂಗ್ ಎಂಬ ಬಿಳಿ ವೈನ್ ಒಂದಕ್ಕೆ ಎಳೆಯ ಹುಣಸೆಕಾಯಿ ಕಚ್ಚಿದಷ್ಟೇ ಊರಿತು. ಅದರಲ್ಲಿ ಸಿಹಿಯೂ ಸಾಕಷ್ಟಿತ್ತು. ಆದರೆ ಆ ಹುಳಿ ಇದ್ದುದರಿಂದ ಸಿಹಿ ನಾಲಿಗೆಗೆ ಅಂಟಲಿಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ವೈನಿಗೆ ಇಳಿಯುವ ಟ್ಯಾನಿನ್‌ನ ಸರದಿ ಬಂದಾಗ ಜೊತೆಯವರು ಪದಕ್ಕಾಗಿ ತಡಕಾಡಿದರು. ಒಬ್ಬರು ಕಹಿ ಎಂದರು, ಇನ್ನೊಬ್ಬರು ಒಣಗಿದಂತಿದೆ ಎಂದರು. ನನಗೆ ಒಡನೆಯೇ ಹೊಳೆದದ್ದು ಒಗರು. ನೇರಳೆ ಹಣ್ಣು ತಿಂದಾಗ, ಎಳೆ ಬಾಳೆಕಾಯಿ ಕಡಿದಾಗ ವಸಡು ಹಿಡಿದುಕೊಳ್ಳುವ ಅದೇ ಒಗರು. ಷಡ್ರಸಗಳಲ್ಲಿ ಅದಕ್ಕೊಂದು ಜಾಗ ಕೊಟ್ಟ ಭಾಷೆ ನನ್ನದು ಎಂದು ಆ ಕ್ಷಣ ನಿಜಕ್ಕೂ ಹೆಮ್ಮೆಯಾಯಿತು. ಗೂಸ್‌ಬೆರಿ, ಬ್ಲ್ಯಾಕ್‌ಕರೆಂಟ್ ಎಂಬ ಪರಿಮಳಗಳ ಪಟ್ಟಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದೆ. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಬೆಟ್ಟದ ನೆಲ್ಲಿ, ಕರಿಮೆಣಸು, ಹೊಸ ಮಡಕೆಯ ನೀರು ಎಂದೇ ಬರೆದುಕೊಂಡೆ.

ಎರಡನೇ ಭಾನುವಾರ ಒಂದು ಕೆಂಪು ವೈನ್ ಸುರಿದರು. ಮೂಗಿಗೆ ಹಿಡಿದ ತಕ್ಷಣ ನಾನು ನಮ್ಮ ಪ್ಯಾಕಿಂಗ್ ಶೆಡ್ಡಿನಲ್ಲಿ ನಿಂತಿದ್ದೆ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದ ಒಂದು ವರ್ಷ, ಶೀಟಿನ ಸಂದಿಯಿಂದ ನೀರು ಇಳಿದು, ಜೋಡಿಸಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳೂ ಒಳಗೆ ಹಾಸಿದ್ದ ಹಳೆಯ ಪತ್ರಿಕೆಗಳೂ ತೊಯ್ದು ಮುದ್ದೆಯಾಗಿದ್ದವು. ಹಣ್ಣು ಬಳ್ಳಿಯಲ್ಲೇ ಬಿರಿದಿತ್ತು. ಅಪ್ಪ ಒಂದು ಮಾತೂ ಆಡದೆ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ ಗೋಡೆಗೆ ಒರಗಿಸುತ್ತಿದ್ದರು. "ಇದರಲ್ಲಿ ನೆನೆದ ರಟ್ಟಿನ ವಾಸನೆ ಇದೆ" ಎಂದೆ. ಶಿಕ್ಷಕಿ ತಮ್ಮ ಗ್ಲಾಸನ್ನು ಮೂಸಿ ನೋಡಿ, ಎಲ್ಲರ ಗ್ಲಾಸುಗಳನ್ನೂ ಕೆಳಗಿಡಿಸಿದರು. ಕಾರ್ಕಿನಿಂದ ಬರುವ ಟಿಸಿಎ ಎಂಬ ರಾಸಾಯನಿಕ ಸೇರಿ ಕೆಟ್ಟಿದ್ದ ಬಾಟಲಿ ಅದು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು, ಹಣ್ಣಿನ ಪರಿಮಳವೆಲ್ಲ ಮುಚ್ಚಿಹೋಗುತ್ತದೆ.

ಬಿಡುವಿನಲ್ಲಿ ನಮ್ಮ ನೀಲಿ ದ್ರಾಕ್ಷಿಯ ಬಗ್ಗೆ ಶಿಕ್ಷಕಿಯನ್ನು ಕೇಳಿದೆ. ಅದರದ್ದು ಅಮೆರಿಕದ ಲಾಬ್ರುಸ್ಕಾ ಎಂಬ ದ್ರಾಕ್ಷಿ ಪ್ರಭೇದದ ರಕ್ತ, ಅದರ ಘಾಟು ಪರಿಮಳಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ, ಒಳ್ಳೆಯ ವೈನಿನಲ್ಲಿ ಅದನ್ನು ದೋಷವೆಂದೇ ಎಣಿಸುತ್ತಾರೆ ಎಂದರು. ಮನಸ್ಸಿಗೆ ನೋವಾಯಿತು. ಆಮೇಲೆ ನೀಲಿ ದ್ರಾಕ್ಷಿಯ ವೈನ್ ಒಂದನ್ನು ಕೊಂಡು ತಂದು, ಕಲಿತ ಕ್ರಮದಲ್ಲೇ ರುಚಿ ನೋಡಿದೆ. ಅವರ ಮಾತು ಸರಿ: ಆ ಪರಿಮಳ ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ಬೇರೇನನ್ನೂ ಕೇಳಿಸಗೊಡುವುದಿಲ್ಲ. ಆದರೆ ತಿನ್ನುವ ಹಣ್ಣಾಗಿ ಅದಕ್ಕೆ ಸಾಟಿಯಿಲ್ಲ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು ನ್ಯಾಯವಾಗಿಯೇ ಇದೆ.

ಪರೀಕ್ಷೆ ಪಾಸಾದ ಮೇಲೆ ಊರಿಗೆ ಕ್ಯಾಬರ್ನೆ ಸೋವಿನ್ಯೋನ್ ತಳಿಯ ಕೆಂಪು ವೈನ್ ಒಂದನ್ನು ಒಯ್ದೆ. ಅಪ್ಪ ಕುಡಿಯುವವರಲ್ಲ. "ಮೂಸಿ ನೋಡಿ ಸಾಕು" ಎಂದು ಗ್ಲಾಸ್ ಕೊಟ್ಟೆ. ಜಗಲಿಯ ಮೇಲೆ ಕೂತು, ಕಣ್ಣು ಮುಚ್ಚಿ, ನಾನು ತಿರುಗಿಸಿದ್ದಕ್ಕಿಂತ ನಿಧಾನವಾಗಿ ತಿರುಗಿಸಿ ಮೂಸಿದರು.

"ದೊಣ್ಣೆಮೆಣಸಿನಕಾಯಿ ಸೀಳಿದ ಹಾಗಿದೆಯಲ್ಲಮ್ಮ."

ಈ ತಳಿಯ ಗುರುತೇ ಅದು, ಹಣ್ಣು ಸರಿಯಾಗಿ ಮಾಗದಿದ್ದರೆ ಇನ್ನೂ ಎದ್ದು ಕಾಣುತ್ತದೆ ಎಂದೆ. ಅಪ್ಪ ಬಾಟಲಿಯನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಚೀಟಿಯನ್ನು ಹಿಂದೆ ಮುಂದೆ ಓದಿದರು.

"ಎಷ್ಟು ಬ್ರಿಕ್ಸ್ ಸಿಹಿಗೆ ಕೊಯ್ದರು ಎಂದು ಇದರಲ್ಲಿ ಎಲ್ಲೂ ಬರೆದಿಲ್ಲವಲ್ಲ?"